ನಾಳೆಯ ಒಗ್ಗರಣೆ

ರೋಲರ್ ಅಂಗಡಿಯ ಚರಿತ್ರೆಯನ್ನು ಹೇಳಬೇಕಾದವಳು ನಿಜವಾಗಿ ನಮ್ಮ ಆಯಿ, ಅಂದರೆ ನನ್ನ ಅವ್ವನ ಅವ್ವ, ಫಕೀರವ್ವ. ಆದರೆ ಅವಳು ಹೇಳಲು ಕೂತರೆ ರೋಡ್ ರೋಲರಿನ ಮುಂದಿನ ಗಾಲಿ ಎಷ್ಟು ಟನ್ ತೂಗುತ್ತದೆ ಎಂಬಲ್ಲಿಂದ ಶುರು ಮಾಡುತ್ತಾಳೆ. ಕೇಳುವವರ ಚಹಾ ಆರಿ ತಣ್ಣಗಾದರೂ ಆ ಗಾಲಿ ಒಂದು ಗೇಣು ಮುಂದೆ ಹೋಗಿರುವುದಿಲ್ಲ. ಅಪ್ಪ ಹೇಳಿದರೆ ಪ್ರತಿ ಘಟನೆಯ ನಡುವೆ ಅವನೇ ನಿಂತಿರುತ್ತಾನೆ, ಅವನು ಹುಟ್ಟುವ ಮೊದಲು ನಡೆದದ್ದರಲ್ಲೂ. ಅವ್ವ ಹೇಳುವುದೇ ಇಲ್ಲ, ನಕ್ಕು ಸುಮ್ಮನಾಗುತ್ತಾಳೆ. ಉಳಿದವಳು ನಾನು, ಇಂದ್ರವ್ವ. ಊರವರಿಗೆ ಇಂದ್ರಿ. ಇಂದ್ರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅದು ಶುದ್ಧ ಸುಳ್ಳು ಎಂದು ಹೇಳಲು ಹೋದಾಗಲೆಲ್ಲ ನನಗೆ ಸಿಟ್ಟು ಬಂದುಬಿಡುತ್ತದೆ, ಏನು ಮಾಡಲಿ.

ಐವತ್ತೊಂದು ವರ್ಷಗಳ ಹಿಂದೆ ನಮ್ಮೂರಿಗೆ ಡಾಂಬರು ರಸ್ತೆ ಬಂತು. ರಸ್ತೆಯ ಜೊತೆ ರೋಡ್ ರೋಲರ್ ಬಂತು, ರೋಲರಿನ ಮೇಲೆ ಕೂತು ನಮ್ಮಜ್ಜ ಬಂದ, ಅಜ್ಜನ ಹಿಂದೆ ಒಂದು ಟ್ರಂಕು, ಎರಡು ಬೋಗುಣಿ ಹೊತ್ತುಕೊಂಡು ಆಯಿ ನಡೆದು ಬಂದಳು. ನಡೆದವಳೇ ಮೊದಲು ಮುಟ್ಟಿದಳಂತೆ, ಅಷ್ಟು ಜೋರು ಆ ರೋಲರ್. ಊರು ದಾಟಿದ ಮೇಲೆ ಹುಣಸೆ ಮರದ ಹತ್ತಿರ ಅದು ಕೆಟ್ಟು ನಿಂತಿತು. ಎಂಟು ದಿನದಲ್ಲಿ ಸಾಮಾನು ತರುತ್ತೇನೆಂದು ಹೋದ ಗುತ್ತಿಗೆದಾರ ಇನ್ನೂ ಬರಬೇಕು. ಕಾಯುವವರು ಉಣ್ಣಬೇಕಲ್ಲ, ಆಯಿ ರೋಲರಿನ ನೆರಳಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ದಾರಿಹೋಕರು ನಿಂತರು, ಅವರಿಗೂ ಒಂದಿಷ್ಟು ಹಾಕಿದಳು. ಅಲ್ಲಿಗೆ ಅಂಗಡಿ ಶುರುವಾಯಿತು. ಇವತ್ತಿಗೂ ನಮ್ಮ ಅಂಗಡಿಗೆ ಎಡಬಲಕ್ಕೆ ತಗಡು, ಹಿಂದೆ ರೋಲರ್, ಮುಂದೆ ರಸ್ತೆ. ರೋಲರಿನ ಸೀಟಿನ ಮೇಲೆ ಈರುಳ್ಳಿ ಚೀಲ ಇಡುತ್ತೇವೆ, ಹಿಡಿಕೆಗೆ ಸೌಟು ತೂಗುಹಾಕುತ್ತೇವೆ.

ಮೊದಲನೆಯ ದಿನ ಆಯಿ ಮಾಡಿದ್ದು ಒಗ್ಗರಣೆ ಅವಲಕ್ಕಿ. ಬಾಣಲೆಯಲ್ಲಿ ಅವಲಕ್ಕಿ ಹಳದಿಯಾಗಿ ಕೂತಿದೆ, ಮೂಗಿಗೆ ಮಾತ್ರ ಕರಿದ ಮೆಣಸಿನಕಾಯಿ ಬಜ್ಜಿಯ ವಾಸನೆ ಹೊಡೆಯುತ್ತಿದೆ. ಯಾರೋ ಮಗ್ಗುಲಲ್ಲೇ ಬಜ್ಜಿ ಕರಿಯುತ್ತಿರಬೇಕೆಂದು ರೋಲರನ್ನು ಎರಡು ಸುತ್ತು ಹಾಕಿ ನೋಡಿದಳಂತೆ. ಯಾರೂ ಇಲ್ಲ. ಮರುದಿನ ಹೊಲದಿಂದ ಬಂದ ಒಬ್ಬ ಹೆಂಗಸು ಅವಲಕ್ಕಿಯ ಋಣಕ್ಕೆ ಒಂದು ಬುಟ್ಟಿ ಹಸಿಮೆಣಸಿನಕಾಯಿ ಕೊಟ್ಟು ಹೋದಳು. ಆಯಿ ಬಜ್ಜಿ ಕರಿದಳು. ಕರಿಯುವಾಗ ಮೂಗಿಗೆ ಬಂದದ್ದು ಮಂಡಕ್ಕಿ ಒಗ್ಗರಣೆ. ಮೂರನೆಯ ದಿನ ಯಾರೋ ಮಂಡಕ್ಕಿ ಚೀಲ ಇಳಿಸಿಹೋದಾಗ ಅವಳಿಗೆ ಊರು ಅರ್ಥವಾಗಿತ್ತು. ನಮ್ಮೂರಲ್ಲಿ ಅಡುಗೆಯ ವಾಸನೆ ಒಂದು ದಿನ ಮುಂಚೆ ಬರುತ್ತದೆ.

"ಹೆದರಲಿಲ್ಲೇನ ಆಯಿ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಹೆದರೂದ್ಯಾಕ? ನಾಳಿ ಏನ್ ಮಾಡ್ಲಿ, ನಾಳಿ ಏನ್ ಮಾಡ್ಲಿ ಅಂತ ದಿನಾ ತಲಿ ಕೆಡಿಸ್ಕೊಂತಿದ್ದೆ. ಇಲ್ಲಿ ಬಂದ ಮ್ಯಾಲ ಅದೊಂದು ಚಿಂತಿ ತಪ್ತು."

"ಅಲ್ಲ, ವಾಸನಿ ಬಂತಂತ ನಾವು ಮಾಡ್ತೀವೋ, ನಾವು ಮಾಡ್ತೀವಂತ ವಾಸನಿ ಬರ್ತೈತೋ?"

"ತಿಂದ್ ಸುಮ್ನ ಕುಂದ್ರು ಬೇ," ಎಂದಿದ್ದಳು ಆಯಿ. ನಮ್ಮೂರಲ್ಲಿ ಈ ವಿಷಯದ ಮೇಲೆ ಇದಕ್ಕಿಂತ ಹೆಚ್ಚಿನ ಚರ್ಚೆ ಆದದ್ದು ನನಗೆ ಗೊತ್ತಿಲ್ಲ.

ಊರವರು ಇದಕ್ಕೆ ಯಾವತ್ತೋ ಒಗ್ಗಿಕೊಂಡಿದ್ದಾರೆ. ನೆಂಟರು ಬರುವ ಸುದ್ದಿ ಫೋನಿಗಿಂತ ಮೊದಲು ಶಿರಾದ ವಾಸನೆಯಾಗಿ ಬರುತ್ತದೆ. ಯಾರ ಮನೆಯಿಂದಾದರೂ ಹೋಳಿಗೆ ಘಮ್ಮೆಂದರೆ ಎದುರು ಮನೆಯವಳು ಇವತ್ತೇ ಮಕ್ಕಳ ಕೈಯಲ್ಲಿ ಖಾಲಿ ಬಟ್ಟಲು ಕಳಿಸಿ ಸ್ನೇಹ ಗಟ್ಟಿ ಮಾಡಿಕೊಳ್ಳುತ್ತಾಳೆ. ಹಾಲು ಉಕ್ಕಿ ಸೀದ ವಾಸನೆ ಬಂದರೆ ಮರುದಿನ ಇಡೀ ಮನೆ ಹಾಲಿನ ಮುಂದೆ ಕಾವಲು ಕೂರುತ್ತದೆ. ಬಾಗಿಲು ಬಡಿದವರು ಯಾರೆಂದು ಎಲ್ಲರೂ ಒಟ್ಟಿಗೆ ಎದ್ದು ಹೋದಾಗ ಹಾಲು ಉಕ್ಕುತ್ತದೆ. ಉಣ್ಣುವಾಗಲೂ ಅಷ್ಟೇ, ಬಾಯಲ್ಲಿ ಇವತ್ತಿನ ಉಪ್ಪಿಟ್ಟು, ಮೂಗಲ್ಲಿ ನಾಳೆಯ ಪಲಾವು. ಒಂದು ಊಟದಲ್ಲಿ ಎರಡು ರುಚಿ ಎಂದು ನಮ್ಮವರು ಬೀಗುತ್ತಾರೆ. ಪರವೂರಿಗೆ ಹೋದ ನಮ್ಮವರು ಅಲ್ಲಿ ವಾಸನೆ ಬಂದ ಕ್ಷಣವೇ ಅದೇ ಪದಾರ್ಥ ತಟ್ಟೆಗೆ ಬಿದ್ದದ್ದನ್ನು ಕಂಡು ಬೆಚ್ಚಿಬೀಳುವುದುಂಟು.

ಇನ್ನೊಂದು ರೂಢಿ ಇದೆ. ಯಾವುದಾದರೂ ಮನೆಯಿಂದ ಏನೂ ವಾಸನೆ ಬರದಿದ್ದರೆ ಆ ಮನೆಯಲ್ಲಿ ನಾಳೆ ಒಲೆ ಉರಿಯುವುದಿಲ್ಲ ಎಂದೇ ಅರ್ಥ. ಮನೆಯವರು ಊರಿಗೆ ಹೊರಟಿದ್ದರೆ ಸರಿ. ಹೊರಟಿಲ್ಲವಾದರೆ ಯಾರೂ ಏನೂ ಕೇಳುವುದಿಲ್ಲ, ನೆಗಡಿಯಾದವರ ಹಾಗೆ ಮೂಗು ಒರೆಸಿಕೊಂಡು ಹೋಗಿ, ಮರುದಿನ ಬೆಳಿಗ್ಗೆ ಆ ಮನೆಗೆ ಬುತ್ತಿ ಒಯ್ಯುತ್ತಾರೆ. ಸಾವಿನ ಮನೆಯವರು ಹಸಿದಿರಬಾರದು ಎಂಬ ಮಾತು ಎಲ್ಲ ಊರಲ್ಲೂ ಇದೆ. ನಮ್ಮೂರವರು ಅದಕ್ಕೆ ಒಂದು ದಿನ ಮುಂಚಿತವಾಗಿ ತಯಾರಾಗುತ್ತಾರೆ, ಅಷ್ಟೇ.

ಅಡುಗೆ ಮಾಡುವವರಿಗೆ ಮಾತ್ರ ಇಲ್ಲಿ ಒಂದು ತೊಂದರೆ. ಬೇರೆ ಕಡೆ ಮೂಗು ಹೇಳುತ್ತದೆ, ಬೆಳ್ಳುಳ್ಳಿ ಕೆಂಪಾಯಿತು, ಬೇಳೆ ತಳ ಹಿಡಿಯಿತು ಎಂದು. ನಮ್ಮ ಮೂಗು ನಾಳೆಯ ಕೆಲಸದಲ್ಲಿರುತ್ತದೆ. ಹಾಗಾಗಿ ಹಳೆಯ ಕಾಲದ ಹೆಂಗಸರು ಕಿವಿಯಿಂದ ಅಡುಗೆ ಮಾಡುತ್ತಿದ್ದರು. ಆಯಿ ಬಾಣಲೆಯ ಮುಂದೆ ಕೂತರೆ ತಲೆ ಒಂದು ಕಡೆ ವಾಲಿಸಿ, ದೂರದಲ್ಲಿ ಯಾರೋ ಮಾತಾಡುವುದನ್ನು ಕದ್ದು ಕೇಳುವವಳ ಹಾಗೆ ಕಾಣುತ್ತಿದ್ದಳು. ಹೊಸ ಕಾಲದಲ್ಲಿ ಹುಟ್ಟಿದ ನನಗೆ ಅದು ಮುದುಕಿಯರ ಚಾಳಿ ಅಂತಲೇ ಅನಿಸಿತ್ತು.

ನಮ್ಮಪ್ಪ ಯಮನೂರಪ್ಪ ಈ ಅಂಗಡಿಗೆ ಸೇರಿದ್ದು ವಾಸನೆಯ ದೆಸೆಯಿಂದಲೇ. ಅವನು ಈರುಳ್ಳಿ ಹೇರಿದ ಲಾರಿ ನಡೆಸಿಕೊಂಡು ಹೊರಟಿದ್ದ. ಹುಣಸೆ ಮರದ ಹತ್ತಿರ ಬಜ್ಜಿಯ ವಾಸನೆ ಮೂಗಿಗೆ ಬಡಿದು ಲಾರಿ ತಾನೇ ನಿಂತಿತು ಎನ್ನುತ್ತಾನೆ.

"ಒಂದ್ ಪ್ಲೇಟ್ ಮಿರ್ಚಿ ಕೊಡ್ರಿ."

"ಮಿರ್ಚಿ ನಾಳಿಗೆ. ಇವತ್ತ ಅವಲಕ್ಕಿ ಐತಿ," ಎಂದಳಂತೆ ಆಯಿ.

"ವಾಸನಿ ಬರಾಕತ್ತೈತಲ್ರೀ!"

"ಅದ ಹೇಳಿದ್ನೆಲ್ಲ, ನಾಳಿಗೆ ಅಂತ."

ಅಪ್ಪ ಹಟಮಾರಿ. ಅಲ್ಲೇ ಲಾರಿಯಲ್ಲಿ ಮಲಗಿದ. ಮರುದಿನ ಮಿರ್ಚಿ ಬಂತು, ಆದರೆ ಅಷ್ಟರಲ್ಲಿ ಮೂಗಿಗೆ ಬೇರೆಯೇ ಏನೋ ಬಂದಿತ್ತು. ಅದೂ ನಾಳೆಗೆ ಎಂದರು. ಹೀಗೆ ಹನ್ನೊಂದು ದಿನ ಅವನು ನಾಳೆಗಾಗಿ ಕಾದ. ಲಾರಿಯಲ್ಲಿದ್ದ ಈರುಳ್ಳಿಗೆ ಮೊಳಕೆ ಬಂತು. ಸುಮ್ಮನೆ ಕೂರುವುದು ಚಂದವಲ್ಲವೆಂದು ಅಂಗಡಿಯ ಈರುಳ್ಳಿ ಹೆಚ್ಚಿಕೊಡತೊಡಗಿದ. ಎದುರಿಗೆ ಕೂತು ಹೆಚ್ಚುತ್ತಿದ್ದವಳು ನಮ್ಮವ್ವ ನೀಲವ್ವ. ಇಬ್ಬರ ಕಣ್ಣಲ್ಲೂ ನೀರು, ಯಾರಿಗೂ ಸಂಶಯ ಬರಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಅಂಗಡಿಯ ಒಲೆಯಿಂದ ಏಲಕ್ಕಿ ಹಾಕಿದ ಶಿರಾದ ವಾಸನೆ ಬಂತು. ರಸ್ತೆ ಬದಿಯ ಅಂಗಡಿಯಲ್ಲಿ ಶಿರಾ ಯಾಕೆ ಎಂದು ಆಯಿ ಸುತ್ತ ನೋಡಿದಳು. ಅವ್ವ ನೆಲ ನೋಡುತ್ತಿದ್ದಳು, ಅಪ್ಪ ರೋಲರ್ ನೋಡುತ್ತಿದ್ದ. ಮರುದಿನ ಅಲ್ಲೇ ಶಿರಾ ಮಾಡಿ, ಸಕ್ಕರೆ ಹಂಚಿ ನಿಶ್ಚಯ ಮುಗಿಸಿದರು. ಲಾರಿಯ ಮಾಲೀಕ ಬೇರೆ ಡ್ರೈವರನ್ನು ಕಳಿಸಿ ಲಾರಿ ಒಯ್ದ.

ನಾನು ಒಲೆಯ ಮುಂದೆ ನಿಂತದ್ದು ನಾಲ್ಕು ವರ್ಷಗಳ ಹಿಂದೆ, ಆಯಿಯ ಕೈ ನಡುಗಲು ಶುರುವಾದ ಮೇಲೆ. ಅವ್ವನಿಗೆ ಹಿಟ್ಟು ಕಲಸುವುದು, ಅಪ್ಪನಿಗೆ ಹೆಚ್ಚುವುದು ಮತ್ತು ಗಿರಾಕಿಗಳ ಜೊತೆ ಹರಟುವುದು, ನನಗೆ ಬಾಣಲೆ. ನಾನು ಆಧುನಿಕಳು. ಕೈಗೆ ವಾಚು ಕಟ್ಟಿಕೊಂಡು ಇಷ್ಟು ನಿಮಿಷ ಬೇಳೆ, ಇಷ್ಟು ನಿಮಿಷ ಈರುಳ್ಳಿ ಎಂದು ಗೆರೆ ಎಳೆದ ಹಾಗೆ ಮಾಡಿದೆ. ಬೇಜಾರಾಗದಿರಲಿ ಎಂದು ಒಂದು ರೇಡಿಯೋ ತಂದು ರೋಲರಿನ ಹಿಡಿಕೆಗೆ ತೂಗುಹಾಕಿ, ಲಾರಿಗಳ ಸದ್ದಿಗೂ ಮೀರಿ ಕೇಳುವಷ್ಟು ಜೋರಾಗಿ ಹಾಡು ಹಚ್ಚಿದೆ. ಗಿರಾಕಿಗಳು ಬರುವುದನ್ನು ಬಿಡಲಿಲ್ಲ. ಆದರೆ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ಮೊದಲು ಜನ ತುತ್ತು ಬಾಯಿಗಿಟ್ಟ ಕೂಡಲೇ "ಆಹಾ" ಎನ್ನುತ್ತಿದ್ದರು. ಈಗ ಒಂದು ಗುಟುಕು ನೀರು ಕುಡಿದು, ಆಮೇಲೆ "ಚೊಲೋ ಆಗೇತಿ ಇಂದ್ರಿ" ಎನ್ನುತ್ತಿದ್ದರು. ಆ ಒಂದು ಗುಟುಕು ನೀರು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಯಾರನ್ನೂ ಕೇಳಲಾರೆ. ಕೇಳಿದರೆ ಹೇಳುತ್ತಾರೆ, ಹೇಳಿದರೆ ಸಿಟ್ಟು ಬರುತ್ತದೆ.

ಹೋದ ವರ್ಷ ಒಂದು ಬುಧವಾರ ಅದು ನಡೆಯಿತು. ರಸ್ತೆಯಾಚೆ ಪಂಕ್ಚರ್ ಅಂಗಡಿ ಇಟ್ಟಿರುವ ಮಾಬುಸಾಬ ಕಾಕಾ ದಿನಾ ನಮ್ಮಲ್ಲಿ ಮೊದಲ ಚಹಾ ಕುಡಿಯುವವ. ಚಹಾ ಕುಡಿಯುತ್ತ ಮೂಗೆತ್ತಿ, ನಾಳೆ ಇಂಥದ್ದು ಎಂದು ಘೋಷಿಸುವುದು ಅವನ ಹಕ್ಕು. ಅವತ್ತು ಮೂಗೆತ್ತಿದ. ಮತ್ತೆ ಎತ್ತಿದ. ಲೋಟ ಕೆಳಗಿಟ್ಟು ಹೊರಟ.

"ಏನ್ ಕಾಕಾ, ನಾಳಿ ಏನು ಹೇಳಲೇ ಇಲ್ಲ?"

"ನೆಗಡಿ ಆಗೇತಿ ಬೇ ತಂಗಿ," ಎಂದ, ನನ್ನ ಮುಖ ನೋಡದೆ.

ಶಾಲೆಗೆ ಹೊರಟ ಶಿವಲೀಲಾ ಅಕ್ಕೋರು ಬಂದರು. ಅವರಿಗೂ ನೆಗಡಿ. ಹಾಲಿನವನಿಗೂ ನೆಗಡಿ. ಹತ್ತು ಗಂಟೆಯ ಹೊತ್ತಿಗೆ ಊರಿಗೆ ಊರೇ ನೆಗಡಿ ಹಿಡಿದು ಮೂಗು ಒರೆಸಿಕೊಳ್ಳುತ್ತಿತ್ತು. ರೇಡಿಯೋ ಬಂದ್ ಮಾಡಿ ಒಲೆಯ ಮೇಲೆ ಬಗ್ಗಿ ಉಸಿರೆಳೆದೆ. ಬೂದಿಯ ವಾಸನೆ, ಕಬ್ಬಿಣದ ವಾಸನೆ. ಅಡುಗೆಯದು ಏನೂ ಇಲ್ಲ. ದಿನಾ ಇರುವ ಚಹಾದ ವಾಸನೆಯೂ ಇಲ್ಲ.

ಐವತ್ತು ವರ್ಷಗಳಲ್ಲಿ ಹೀಗೆ ಒಂದೇ ಸಲ ಆಗಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಒಲೆ ಹೀಗೇ ಸುಮ್ಮನಿತ್ತು. ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ನಮ್ಮಜ್ಜ ಕಣ್ಣು ಮುಚ್ಚಿದ.

ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ನಾಲ್ವರೂ ಅಂಗಡಿಯ ಹಿಂದೆ ಕೂತೆವು. ಆಯಿ ಸೆರಗು ಸರಿಮಾಡಿಕೊಂಡು ಸಭೆ ಶುರು ಮಾಡಿದಳು.

"ಯಾರೂ ಗದ್ಲಾ ಮಾಡಬ್ಯಾಡ್ರಿ. ಇದು ನನ್ನ ಪಾಳಿ."

"ಹಂಗೆಂಗ ಅಂತೀರಿ ಅತ್ತಿ? ನನಗ ಬಿಪಿ ಐತಿ," ಎಂದ ಅಪ್ಪ.

"ನಿಮ್ಮ ಬಿಪಿ ತಗೊಂಡು ಏನ್ ಮಾಡ್ಲಿ ಅಳಿಯಂದ್ರ? ನನಗ ಎಪ್ಪತ್ತಾರು ಆತು."

"ಡಾಕ್ಟ್ರು ಏನಂದಾರ ಗೊತ್ತೈತೇನ್ರಿ? ಉಪ್ಪಿನಕಾಯಿ ಬಿಡಲಿಲ್ಲಂದ್ರ ಯಾವಾಗಂದ್ರ ಆವಾಗ ಅಂದಾರ. ನಾ ಬಿಟ್ಟಿಲ್ಲ."

"ದೊಡ್ಡಾಕಿ ನಾ ಇಲ್ಲೇ ಕುಂತೀನಿ. ನೀವು ಮುಂದ ಹೋದ್ರ ಜನ ಏನಂದಾರು?"

ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಗಳಾಡುವವರ ಹಾಗೆ ಇಬ್ಬರೂ ಶುರುವಿಟ್ಟುಕೊಂಡರು. ಒಬ್ಬರನ್ನೊಬ್ಬರು ಉಳಿಸಿಕೊಳ್ಳಲು ನಡೆದ ಜಗಳ ಅದು, ನನಗೆ ಗೊತ್ತಿತ್ತು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಅವ್ವ ಮಾತ್ರ ಮೆಲ್ಲಗೆ, "ನಾಳಿ ಒಬ್ಬರೂ ಎಲ್ಲೂ ಹೋಗಬ್ಯಾಡ್ರಿ. ಎಲ್ಲಾರೂ ಕೂಡೇ ಇರೂಣು," ಎಂದಳು.

"ಯಾರೂ ಸಾಯೂದಿಲ್ಲ!" ಎಂದು ನಾನು ಎದ್ದು ನಿಂತೆ. "ನಾಳಿ ನಾ ಒಲಿ ಹಚ್ಚತೀನಿ. ವಾಸನಿ ಬರ್ಲಿ ಬಿಡ್ಲಿ, ಹಚ್ಚತೀನಿ. ಅದ್ಯಾವ ಮೂಗು ನನಗ ಬ್ಯಾಡ ಅಂತೈತಿ ನೋಡ್ತೀನಿ."

ಮೂವರೂ ನನ್ನನ್ನು ನೋಡಿದರು. ನಮ್ಮೂರಲ್ಲಿ ಮೂಗಿನ ಮಾತು ಮೀರಿ ಯಾರೂ ಅಡುಗೆ ಮಾಡಿದ್ದಿಲ್ಲ. ನಾನು ಆ ಕೂಡಲೇ ಎರಡು ಸೇರು ಅಕ್ಕಿ, ಅರ್ಧ ಸೇರು ಬೇಳೆ ನೆನೆಹಾಕಿದೆ. ಅಪ್ಪ ತನ್ನ ಪಾಲಿನ ಮುನ್ನೆಚ್ಚರಿಕೆ ವಹಿಸಿದ. ಚಾಕುಗಳನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿಟ್ಟ. ಹುಣಸೆ ಮರದ ಒಣಗಿದ ಕೊಂಬೆ ಕಡಿದು ಹಾಕಿದ. ಆಮೇಲೆ ಐವತ್ತು ವರ್ಷದಿಂದ ಒಂದು ಕೂದಲೆಳೆಯಷ್ಟೂ ಅಲುಗದ ರೋಲರಿನ ನಾಲ್ಕೂ ಕಡೆ ಕಲ್ಲು ಕೊಟ್ಟ, ಉರುಳಿ ಬಂದೀತೆಂದು.

ಸಂಜೆ ಬಿಸಿಲು ಇಳಿದಾಗ ಆಯಿ ನನ್ನನ್ನು ರೋಲರಿನ ಹತ್ತಿರ ಕರೆದಳು. ಗಾಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಅಜ್ಜ ಕೂರುತ್ತಿದ್ದ ಜಾಗ ಅದು.

"ಇಂದ್ರಿ, ಒಂದ್ ಮಾತು ಹೇಳೂದೈತಿ. ಸಿಟ್ಟಿಗೇಳಬಾರ್ದು."

"ಇಲ್ಲ."

"ಆಗಲೇ ಎದ್ದೀ."

"ಇಲ್ಲ ಅಂದ್ನೆಲ್ಲ!"

ಆಯಿ ನನ್ನ ಕೈ ಹಿಡಿದಳು. ಅವಳ ಕೈಯ ನಡುಕ ನನ್ನ ಕೈಗೂ ಬಂತು. ಏನೋ ಗುಟ್ಟು ಹೇಳುತ್ತಾಳೆ, ಯಾವುದೋ ಮಸಾಲೆ, ಯಾವುದೋ ಬೇರು, ಇಷ್ಟು ವರ್ಷ ಬಚ್ಚಿಟ್ಟದ್ದು ಎಂದು ನಾನು ಕಿವಿ ಹತ್ತಿರ ತಂದೆ.

"ಆ ರೇಡಿಯೋ ಬಂದ್ ಮಾಡು," ಎಂದಳು.

"ಈಗ ಬಂದೇ ಐತಲ್ಲ."

"ಒಲಿ ಮುಂದ ನಿಂತಾಗ. ಸಾಸ್ವಿ ಸಿಡಿಯೂದು ನಿಂತ ಮ್ಯಾಲ ಒಂದ್ ಸಣ್ಣ ಸದ್ದು ಬರ್ತೈತಿ, ಆವಾಗ ಉಳ್ಳಾಗಡ್ಡಿ ಹಾಕಬೇಕು. ಬಜ್ಜಿ ಎಣ್ಯಾಗ ಬಿದ್ದಾಗ ಗದ್ಲಾ ಮಾಡ್ತಾವು, ಬೆಂದ ಮ್ಯಾಲ ಪಿಸುಪಿಸು ಅಂತಾವು, ಆವಾಗ ತಗೀಬೇಕು. ನೀ ಹಾಡು ಕೇಳ್ಕೊಂತ ಗಡಿಯಾರ ನೋಡ್ಕೊಂತ ನಿಂತಿರ್ತಿ. ಅವು ಯಾರ ಮುಂದ ಹೇಳ್ಕೋಬೇಕು?"

ನಾನು ಕೈ ಕಿತ್ತುಕೊಂಡೆ.

"ಮೂರು ವರ್ಷ ಸುಮ್ನಿದ್ದು ಇವತ್ತ ಹೇಳ್ತೀಯಾ?"

"ಮೊದಲ್ನೇ ವಾರ ಉಪ್ಪು ಒಂದ್ ಕಾಳು ಹೆಚ್ಚಾತು ಅಂದೆ. ಎರಡು ದಿನ ಮಾತು ಬಿಟ್ಟಿ. ರೇಡಿಯೋ ಅಂದಿದ್ರ ಸೌಟು ಒಗದು ಹೋಗ್ತಿದ್ದಿ. ಅಂಗಡಿ ಉಳೀಲಿ, ರುಚಿ ಆಮ್ಯಾಲ ಬಂದೀತು ಅಂತ ಕಾದೆ. ಈಗ ಕಾಯಾಕ ಟೈಮ್ ಇಲ್ಲಲ್ಲ, ಅದಕ್ಕ ಹೇಳಿದೆ."

ನನಗೆ ಸಿಟ್ಟು ಬರಲಿಲ್ಲ. ಸಿಟ್ಟಿನ ಜಾಗದಲ್ಲಿ ಅಳು ಬಂತು. ಆಯಿಯ ತೊಡೆಯ ಮೇಲೆ ತಲೆ ಇಟ್ಟು ಚಿಕ್ಕ ಮಕ್ಕಳ ಹಾಗೆ ಅತ್ತೆ. ನನ್ನ ಮೂಗಿನ ತುದಿಯ ಸಿಟ್ಟಿಗೆ ಹೆದರಿ ಇವಳು ಮೂರು ವರ್ಷ ನನ್ನ ಸಪ್ಪೆ ಅಡುಗೆ ಉಂಡಳಲ್ಲ ಎಂದು ನಾಚಿಕೆಯೂ ಆಯಿತು.

"ನೀ ಹೋಗಬ್ಯಾಡ ಆಯಿ."

"ಅದು ನನ್ನ ಕ್ಯಾಗ ಐತೇನು?" ಎಂದು ತಲೆ ಸವರಿದಳು. "ರೇಡಿಯೋ ಮಾತ್ರ ನಿನ್ನ ಕ್ಯಾಗ ಐತಿ."

ಗುರುವಾರ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ನಾಲ್ವರೂ ಒಟ್ಟಿಗೆ ಅಂಗಡಿಗೆ ಬಂದೆವು. ಒಬ್ಬರೂ ಮನೆಯಲ್ಲಿ ಉಳಿಯಬಾರದೆಂದು ಅವ್ವನ ಕಟ್ಟಪ್ಪಣೆ. ದಾರಿಯುದ್ದಕ್ಕೂ ಅಪ್ಪ ಆಯಿಯ ರಟ್ಟೆ ಹಿಡಿದಿದ್ದ, ಆಯಿ ಅಪ್ಪನ ಎದೆಬಡಿತ ಕೇಳುವವಳ ಹಾಗೆ ಅವನ ಕಡೆ ವಾಲಿದ್ದಳು. ನಾನು ಸೌದೆ ಜೋಡಿಸಿದೆ, ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಅವ್ವ, "ಅಲ್ಲಿ ನೋಡು," ಎಂದಳು.

ಊರಿನ ಕಡೆಯಿಂದ ಜನ ಬರುತ್ತಿದ್ದರು. ಮುಂದೆ ಮಾಬುಸಾಬ ಕಾಕಾ, ತಲೆಯ ಮೇಲೆ ದೊಡ್ಡ ಪಾತ್ರೆ. ಅವನ ಹಿಂದೆ ಶಿವಲೀಲಾ ಅಕ್ಕೋರು, ಹಾಲಿನವನು, ನಮ್ಮ ಓಣಿಯ ಇಪ್ಪತ್ತು ಮೂವತ್ತು ಮಂದಿ. ಎಲ್ಲರ ಕೈಯಲ್ಲೂ ಬಟ್ಟೆ ಮುಚ್ಚಿದ ಡಬರಿ, ಬುಟ್ಟಿ. ಎಲ್ಲರೂ ತಲೆ ತಗ್ಗಿಸಿ ಸಾಲಾಗಿ, ಒಂದು ಮಾತಿಲ್ಲದೆ ನಡೆದು ಬಂದರು. ನಮ್ಮ ಮನೆಗೆ ಹೋಗಿ, ಬೀಗ ನೋಡಿ, ಇನ್ನೂ ಘೋರವಾದದ್ದನ್ನು ಕಲ್ಪಿಸಿಕೊಂಡು ಇಲ್ಲಿಗೆ ಬಂದಿದ್ದರಂತೆ.

ಮಾಬುಸಾಬ ಕಾಕಾ ಅಂಗಡಿಯ ಮುಂದೆ ನಿಂತು ತಲೆ ಎತ್ತಿದ. ನಮ್ಮನ್ನು ಬೆರಳಲ್ಲಿ ಎಣಿಸಿದ. ನಾಲ್ಕು. ಮತ್ತೊಮ್ಮೆ ಎಣಿಸಿದ.

"ಯಾರು?" ಎಂದ ಮೆಲ್ಲಗೆ.

"ಯಾರೂ ಇಲ್ಲ ಕಾಕಾ," ಎಂದೆ.

"ಮತ್ತ ಯಾವೂರಿಗರ ಹೊಂಟೀರೇನು?"

"ಇಲ್ಲ."

ಬಂದವರೆಲ್ಲ ಒಬ್ಬರ ಪಾತ್ರೆಯನ್ನೊಬ್ಬರು ನೋಡಿಕೊಂಡರು. ಕೊನೆಗೆ ಶಿವಲೀಲಾ ಅಕ್ಕೋರು ತಮ್ಮ ಕೈಯ ಕಡಲೆಹಿಟ್ಟಿನ ಪಲ್ಯದ ಡಬರಿಯನ್ನೇ ನೋಡುತ್ತ, "ಹಂಗಾದ್ರ ಈ ಜುಣಕ ಏನ್ ಮಾಡೂದು?" ಎಂದರು. "ನಿನ್ನಿ ಮುಂಜಾನಿಂದ ನಮ್ಮ ಮನ್ಯಾಗ ಇದರದ ವಾಸನಿ. ಇರೋರು ಇಬ್ಬರು, ಇಷ್ಟು ಜುಣಕ ಯಾರಿಗೆ ಅಂತ ನಾನೂ ತಲಿ ಕೆಡಿಸ್ಕೊಂಡಿದ್ದೆ."

ಮೊದಲು ನಕ್ಕದ್ದು ಆಯಿ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಆಮೇಲೆ ಸೆರಗು ಬಿಟ್ಟು ನಕ್ಕಳು. ಅಪ್ಪ ನಗುತ್ತ ಅಳುತ್ತಿದ್ದ. ಮಾಬುಸಾಬ ಕಾಕಾ ಸಿಟ್ಟಿನಿಂದ, "ನನ್ನ ಹೆಂಡ್ತಿ ನಾಕಕ್ಕ ಎದ್ದು ಖಿಚಡಿ ಮಾಡ್ಯಾಳ, ನೀವು ನಾಲ್ಕೂ ಮಂದಿ ಗಟ್ಟಿಮುಟ್ಟಾಗಿ ನಿಂತೀರಿ," ಎಂದು ಬೈದ. ಬೈಯುವಾಗ ಅವನ ಕಣ್ಣಲ್ಲೂ ನೀರಿತ್ತು, ನಿಜವಾಗಿ ನೆಗಡಿಯಾದವನ ಹಾಗೆ ಮೂಗು ಒರೆಸಿಕೊಂಡ.

ನಾನು ಆಗ ಕಡ್ಡಿ ಗೀರಿದೆ. ಯಾರೂ ನನ್ನ ಕೈ ಹಿಡಿದಿರಲಿಲ್ಲ. ಸೌದೆ ಒಣಗಿತ್ತು, ಅಕ್ಕಿ ನೆನೆದಿತ್ತು, ನಾನು ಹಟ ತೊಟ್ಟು ಬಂದಿದ್ದೆ. ಆದರೆ ಆ ಪಾತ್ರೆಗಳನ್ನು ನೋಡಿದೆ. ಖಿಚಡಿ, ಜುಣಕ, ಜೋಳದ ರೊಟ್ಟಿಯ ಗಂಟು, ಬದನೆಕಾಯಿ ಪಲ್ಯ, ಇಡೀ ಊರು ಎರಡು ಸಲ ಉಂಡರೂ ಮಿಗುವಷ್ಟು ಇತ್ತು. ಇಷ್ಟು ಅಡುಗೆ ಎದುರಿಗಿಟ್ಟುಕೊಂಡು ಯಾವ ತಲೆಕೆಟ್ಟವಳು ಒಲೆ ಹಚ್ಚುತ್ತಾಳೆ? ಬೆಂಕಿ ಬೆರಳಿಗೆ ತಾಗುವ ಮೊದಲು ಉಫ್ ಎಂದು ಊದಿದೆ.

"ಆಯಿ, ವಾಸನಿ ಬರಲಿಲ್ಲಂತ ಇವರು ಬಂದ್ರೋ, ಇವರು ಬರ್ತಾರಂತ ವಾಸನಿ ಬರಲಿಲ್ಲೋ?"

"ತಿಂದ್ ಸುಮ್ನ ಕುಂದ್ರು ಬೇ," ಎಂದಳು ಆಯಿ.

ಅವತ್ತು ರೋಲರ್ ಅಂಗಡಿಯಲ್ಲಿ ನಾವೇ ಗಿರಾಕಿಗಳು. ಊರವರು ಬಡಿಸಿದರು. ಆಯಿಯನ್ನು ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿದರು. ಅಂಗಡಿ ಶುರುವಾದಂದಿನಿಂದ ಅವಳು ಅದರ ಮೇಲೆ ಕೂತಿದ್ದೇ ಇಲ್ಲ. ಕೂತು, ಅತ್ತಿತ್ತ ಸರಿದು, "ಯವ್ವಾ, ಇಂಥಾ ಕುಂಟ ಬೆಂಚಿನ ಮ್ಯಾಲ ಇಷ್ಟು ವರ್ಷ ಮಂದೀನ ಕುಂದ್ರಿಸೀವೇನು? ಒಬ್ಬರರ ಹೇಳಬಾರ್ದೇನ್ರಿ?" ಎಂದಳು. ಹೇಳಿದ್ದರೆ ಇಂದ್ರಿ ಏನು ಮಾಡುತ್ತಿದ್ದಳೋ ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರ ಜೊತೆ ನಾನೂ ನಕ್ಕೆ. ಬೆಳಗಿನ ಎರಡು ಲಾರಿಗಳು ಬಂದು ನಿಂತವು. ಡ್ರೈವರುಗಳಿಗೂ ಪುಕ್ಕಟೆ ಊಟವಾಯಿತು. ಯಾರದು ಕಾರ್ಯ ಎಂದು ಒಬ್ಬ ಕೇಳಿದ. ಅಪ್ಪ ಅವನಿಗೆ ಕಥೆಯೆಲ್ಲ ಹೇಳಿದ, ನಡುವೆ ತಾನೇ ನಿಂತು.

ನನ್ನ ಬಾಯಲ್ಲಿ ಅಕ್ಕೋರ ಜುಣಕ ಇತ್ತು. ಆಗ ಅದು ಬಂತು. ಮೊದಲು ಬಿಸಿ ಎಣ್ಣೆ, ಅದರ ಹಿಂದೆ ಓಮು, ಹುಣಸೆ, ಬೆಂದ ಮೆಣಸಿನಕಾಯಿಯ ಘಾಟು. ತಣ್ಣಗೆ ಕೂತಿದ್ದ ಒಲೆಯಿಂದ ಮೆಲ್ಲಗೆ ಎದ್ದು ಬೆಂಚು, ಜನ, ರಸ್ತೆ ಎಲ್ಲ ತುಂಬಿಕೊಂಡಿತು. ಮಾಬುಸಾಬ ಕಾಕಾ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ಮೂಗೆತ್ತಿದ.

"ಆಹಾ!" ಎಂದ. "ಫಕೀರವ್ವಾ, ನಾಳಿ ನೀನ ಒಲಿ ಮುಂದ ಕುಂದ್ರಾಕೇನು?"

ಆಯಿ ಎರಡೂ ಕೈ ಎತ್ತಿ ತೋರಿಸಿದಳು. ಹಿಡಿದ ರೊಟ್ಟಿಯ ತುಣುಕು ಗಡಗಡ ನಡುಗುತ್ತಿತ್ತು.

"ಈ ಕೈಲೆ? ರೊಟ್ಟಿ ಹಿಡಿಯಾಕ ಆಗವಲ್ದು ನನಗ."

ಎಲ್ಲರೂ ನನ್ನ ಕಡೆ ತಿರುಗಿದರು. ನೀರಿನ ಲೋಟ ಎಲ್ಲರ ಮುಂದೆಯೂ ಇತ್ತು, ಯಾರೂ ಮುಟ್ಟಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಏನು ಮಾಡಬೇಕೆಂದು ತಿಳಿಯದೆ ಸಿಟ್ಟಿನವಳ ಹಾಗೆ ಧಡಕ್ಕನೆ ಎದ್ದೆ. ರೋಲರಿನ ಹಿಡಿಕೆಯಿಂದ ರೇಡಿಯೋ ಬಿಚ್ಚಿ, ರಸ್ತೆ ದಾಟಿ, ಪಂಕ್ಚರ್ ಅಂಗಡಿಯ ಮೊಳೆಗೆ ತೂಗುಹಾಕಿ ಬಂದೆ. ಟ್ಯೂಬಿಗೆ ಪ್ಯಾಚು ಹಚ್ಚಲು ಕಿವಿ ಬೇಕಾಗಿಲ್ಲ.

ಇದೆಲ್ಲ ಆಗಿ ಒಂದು ವರ್ಷ ದಾಟಿತು. ಅಪ್ಪ ರೋಲರಿಗೆ ಕೊಟ್ಟ ಕಲ್ಲು ತೆಗೆದಿಲ್ಲ, ಬೆಂಚಿನ ಕುಂಟು ಕಾಲಿಗೂ ಒಂದು ಕೊಟ್ಟಿದ್ದಾನೆ. ಆಯಿ ದಿನಾ ಬೆಳಿಗ್ಗೆ ಅದರ ತುದಿಯಲ್ಲಿ ಬಂದು ಕೂರುತ್ತಾಳೆ, ಗಿರಾಕಿಗಳಿಗಿಂತ ಮೊದಲು ತನಗೆ ಹಾಕಬೇಕು ಎನ್ನುತ್ತಾಳೆ. ನಾನು ಒಲೆ ಹಚ್ಚಿ, ಬಾಣಲೆ ಇಟ್ಟು, ಉಸಿರೆಳೆದು ಒಂದು ಕ್ಷಣ ಕಾಯುತ್ತೇನೆ. ನಾಳೆಯ ವಾಸನೆ ಬರುತ್ತದೆ. ಅವಲಕ್ಕಿಯೋ ಮಂಡಕ್ಕಿಯೋ ಆಮೇಲೆ ನೋಡಿದರಾಯಿತು, ಮೊದಲು ಬೆಂಚಿನ ತುದಿಯತ್ತ ತಿರುಗಿ ನೋಡುತ್ತೇನೆ. ನಾಳೆಯೂ ಅವಳು ಅಲ್ಲಿ ಕೂರುತ್ತಾಳೆ.

"ನನ್ನ ಮಾರಿ ಏನ್ ನೋಡ್ತಿ?" ಎಂದು ಗದರುತ್ತಾಳೆ ಆಯಿ. "ಎಣ್ಣಿ ಕರಿಯಾಕತ್ತೈತಿ ನಿನ್ನ, ಕೇಳಸವಲ್ದೇನು?"

"ಕೇಳಸಾಕತ್ತೈತಿ ಆಯಿ," ಅನ್ನುತ್ತೇನೆ.